ಆಂಬುಲೆನ್ಸ್ ಒಂದೇ ಉತ್ತರವೆ?

ವಿಪತ್ತಿನ ಹೊತ್ತಿನಲ್ಲಿ ರೋಗಿಗಳನ್ನು ಬೆಳಗಾವಿಗೆ ಸಾಗಿಸುವಷ್ಟು ಆಂಬುಲೆನ್ಸ್‌ಗಳಿದ್ದರೆ ಸಾಕು, ತಾಲ್ಲೂಕು ಆಸ್ಪತ್ರೆಗಳಿಗೆ ಹೆಚ್ಚಿನ ಹಣ ಸುರಿಯುವುದು ವ್ಯರ್ಥವೆಂದು ಪ್ರಕಟವಾಗಿರುವ ಅಭಿಪ್ರಾಯವು ಮಲಪ್ರಭೆಯ ದಂಡೆಯ ಅನುಭವವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2019ರ ಆಗಸ್ಟ್‌ನಲ್ಲಿ ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಹರಿಬಿಟ್ಟಾಗ ಕೆಳಭಾಗದ ರಾಮದುರ್ಗಕ್ಕೂ ಸುತ್ತಲಿನ ಹಳ್ಳಿಗಳಿಗೂ ನೆರೆ ನುಗ್ಗಿತು. ರಸ್ತೆಯೇ ಮುಳುಗಿರುವಾಗ ಹೆರಿಗೆ ನೋವಿನ ಹೆಂಗಸನ್ನಾಗಲಿ ಡಯಾಲಿಸಿಸ್ ತಪ್ಪಿಸಲಾಗದ ರೋಗಿಯನ್ನಾಗಲಿ 108 ವಾಹನ ದೂರದ ಜಿಲ್ಲಾ ಕೇಂದ್ರಕ್ಕೆ ಒಯ್ಯುವುದು ಹೇಗೆಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. ಅದೇ ದಿನಗಳಲ್ಲಿ ಬೆಳಗಾವಿ ನಗರದ ಬಡಾವಣೆಗಳೂ ಜಲಾವೃತವಾಗಿದ್ದವೆಂಬುದನ್ನು ಮರೆಯುವುದು ಅಕ್ಷಮ್ಯ.

ಒಮ್ಮೆಲೇ ಬರುವ ರೋಗಿಗಳಿಗಾಗಿ ಆಸ್ಪತ್ರೆಯು ತನ್ನ ದಿನನಿತ್ಯದ ಮಿತಿಯನ್ನು ಹಿಗ್ಗಿಸಿಕೊಳ್ಳುವ ಶಕ್ತಿಯನ್ನು ಸರ್ಜ್ ಸಾಮರ್ಥ್ಯ ಎನ್ನುತ್ತಾರೆ; ತಾಲ್ಲೂಕು ಆಸ್ಪತ್ರೆಗಳಿಗೆ ಬೇಕಿರುವುದು ಇದೇ. ಅದನ್ನು ಬರಿಯ ಹಾಸಿಗೆಗಳ ಎಣಿಕೆಗೆ ಇಳಿಸುವುದು ಸರಿಯಲ್ಲ. ಆಮ್ಲಜನಕ, ರಕ್ತ, ಅರಿವಳಿಕೆ ತಜ್ಞರು, ಜನರೇಟರಿಗೆ ಡೀಸೆಲ್ ಇವೆಲ್ಲವೂ ಸ್ಥಳದಲ್ಲೇ ಇರಬೇಕು, ಜೊತೆಗೆ ಟ್ರಯಾಜ್, ಅಂದರೆ ಗಾಯ ಅಥವಾ ಕಾಯಿಲೆಯ ತೀವ್ರತೆಗೆ ತಕ್ಕಂತೆ ಯಾರಿಗೆ ಮೊದಲು ಚಿಕಿತ್ಸೆಯೆಂದು ವಿಂಗಡಿಸುವ ಕ್ರಮ, ಸಿಬ್ಬಂದಿಗೆ ಮೊದಲೇ ರೂಢಿಯಾಗಿರಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಸೇರುವುದು ಪಂಚಾಂಗದಲ್ಲೇ ಗೊತ್ತಿರುವ ಸಂಗತಿಯಾದ್ದರಿಂದ, ಅಲ್ಲಿ ಈ ಸಿದ್ಧತೆ ಇಲ್ಲದಿರುವುದಕ್ಕೆ ಯಾವ ನೆಪವೂ ಒಪ್ಪತಕ್ಕದ್ದಲ್ಲ.

ಸವದತ್ತಿಗೆ ಬೆಳಗಾವಿಗಿಂತ ಧಾರವಾಡವೇ ಹತ್ತಿರ. ಕಿತ್ತೂರು ಆ ಎರಡೂ ನಗರಗಳ ನಡುವಿನ ಹೆದ್ದಾರಿಯಲ್ಲೇ ಇರುವುದರಿಂದ ಅಲ್ಲಿನ ರೋಗಿಗಳನ್ನೂ ಎರಡೂ ಕಡೆಗೆ ಒಯ್ಯಬಹುದು. ಆದುದರಿಂದ ಸವದತ್ತಿ–ಬೆಳಗಾವಿ ದಾರಿಯ ಬೈಲಹೊಂಗಲದ ಆಸ್ಪತ್ರೆಯನ್ನು ನಡುವಣ ಆಸರೆಯಾಗಿ ಬಲಪಡಿಸಿ, ಜಿಲ್ಲೆಯ ಗಡಿ ನೋಡದೆ ಧಾರವಾಡ, ಹುಬ್ಬಳ್ಳಿಯ ಆಸ್ಪತ್ರೆಗಳೊಡನೆ ಮುಂಗಾರಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು.