ಗಣಿತವನ್ನು ಬಿಡಬೇಕೋ, ಜೀವಶಾಸ್ತ್ರವನ್ನೋ?



10ನೇ ತರಗತಿಯ ಫಲಿತಾಂಶ ಬಂದೊಡನೆ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮಗು ಯಾವ ವಿಷಯವನ್ನು ಬಿಡಬೇಕು? ವೈದ್ಯನಾಗುವವನಿಗೆ ಗಣಿತವೇಕೆ, ಇಂಜಿನಿಯರ್ ಆಗುವವಳಿಗೆ ಜೀವಶಾಸ್ತ್ರವೇಕೆ ಎಂದು ಹಿರಿಯರು ತೀರ್ಪನ್ನೂ ಕೊಟ್ಟುಬಿಡುತ್ತಾರೆ. ವೈದ್ಯವೃತ್ತಿಯಲ್ಲಿರುವ ನಮಗೆ ಈ ತೀರ್ಪು ಒಪ್ಪಿಗೆಯಾಗದು.

2020ರ ಜನವರಿ 22ರಂದು ಇಸ್ರೋ ಬೆಂಗಳೂರಿನಲ್ಲಿ ವ್ಯೋಮಮಿತ್ರ ಎಂಬ ಯಂತ್ರಮಾನವಿಯನ್ನು ಅನಾವರಣಗೊಳಿಸಿತು. ಕಾಲುಗಳಿಲ್ಲದ ಈ ಅರ್ಧಮಾನವಾಕೃತಿಯನ್ನು ರೂಪಿಸಿದವರು ತಿರುವನಂತಪುರದ ಇಸ್ರೋ ಘಟಕದ ಇಂಜಿನಿಯರುಗಳು. ಗಗನಯಾನದಲ್ಲಿ ಮನುಷ್ಯರಿಗಿಂತ ಮೊದಲು ಈಕೆ ಏರಿ, ನೌಕೆಯೊಳಗಿನ ಸ್ಥಿತಿಗತಿಗಳನ್ನು ಗಮನಿಸಿ, ಎಚ್ಚರಿಕೆ ನೀಡಿ, ನಿಯಂತ್ರಣ ಫಲಕಗಳನ್ನು ನಡೆಸಬೇಕು. ಎರಡು ಭಾಷೆಗಳನ್ನು ಆಡುವ ಈಕೆಗೆ ಕನ್ನಡವನ್ನೂ ಕಲಿಸಬಾರದಿತ್ತೇ ಎಂಬುದು ನಮ್ಮ ಸಣ್ಣ ಆಕ್ಷೇಪ. ಅದಿರಲಿ. ಮನುಷ್ಯನ ಉಸಿರಿಗೆ ಏನು ಬೇಕೆಂದು ಅರಿಯದವರು ಇಂಥ ಯಂತ್ರವನ್ನು ಕಟ್ಟಲಾರರು.

ತರಬೇತಿಯ ಯಂತ್ರಗಳಲ್ಲಿ ಈ ನಂಟು ಇನ್ನೂ ಗಾಢ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿಯೇ ಗಗನಯಾನದ ಯಾತ್ರಿಗಳ ಆಯ್ಕೆಯ ಪರೀಕ್ಷೆಗಳು ನಡೆದವು. ಮನುಷ್ಯನನ್ನು ಉದ್ದನೆಯ ತೋಳಿನ ತುದಿಯಲ್ಲಿ ಕೂರಿಸಿ ವೇಗವಾಗಿ ತಿರುಗಿಸುವ ಯಂತ್ರ ಅಲ್ಲಿದೆ. ಭಾರವು ತಲೆಯಿಂದ ಕಾಲಿನತ್ತ ಹೆಚ್ಚಿದರೆ ರಕ್ತ ಕೆಳಗಿಳಿದು ಮೊದಲು ದೃಷ್ಟಿ ಮಂಕಾಗುತ್ತದೆ, ಬಳಿಕ ಪ್ರಜ್ಞೆ ತಪ್ಪುತ್ತದೆ. ಅದೇ ಭಾರ ಎದೆಯಿಂದ ಬೆನ್ನಿನತ್ತ ಬಂದರೆ ದೃಷ್ಟಿ ಉಳಿಯುತ್ತದೆ, ಉಸಿರಾಟ ಮಾತ್ರ ಕಷ್ಟವಾಗುತ್ತದೆ. ಗಗನಯಾತ್ರಿಗಳು ಅಂಗಾತ ಮಲಗಿ ಮೇಲೇರುವುದು ಇದರಿಂದಲೇ. ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಆರ್ಗೋಸ್ ಎಂಬ ಕ್ರೇನಿನಂಥ ರೋಬಾಟ್ ಯಾತ್ರಿಯನ್ನು ತಂತಿಯಲ್ಲಿ ತೂಗುಹಾಕಿ, ಅವನ ಪ್ರತಿಯೊಂದು ಚಲನೆಯನ್ನೂ ಗ್ರಹಿಸಿ, ಚಂದ್ರನ ಮೇಲಿನಂತೆ ದೇಹದ ತೂಕವನ್ನು 6ನೇ ಒಂದು ಭಾಗಕ್ಕೆ ಇಳಿಸುತ್ತದೆ. ಅದನ್ನು ರೂಪಿಸುವ ಇಂಜಿನಿಯರಿಗೆ ಕೀಲುಗಳ ಚಲನೆಯೂ ತಿಳಿದಿರಬೇಕು, ಕಲನಶಾಸ್ತ್ರವೂ ಕೈವಶವಾಗಿರಬೇಕು.

ನಾವಿರುವ ಈ ನಾಡೂ ಹಿಂದೆ ಬಿದ್ದಿಲ್ಲ. ಸುಲ್ತಾನ್ ಅಲ್ ನೆಯಾದಿ 2023ರಲ್ಲಿ ಸುಮಾರು 6 ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. 2024ರಲ್ಲಿ ನಾಸಾ ತರಬೇತಿ ಮುಗಿಸಿದ ನೋರಾ ಅಲ್ ಮತ್ರೂಶಿ ಮೆಕ್ಯಾನಿಕಲ್ ಇಂಜಿನಿಯರ್.

ಇಂಥ ವೃತ್ತಿಯಲ್ಲಿ ನಮ್ಮ ಗೋಪುರಗಳ ಕಚೇರಿಗಳ ಸಂಬಳವನ್ನು ನಿರೀಕ್ಷಿಸಲಾಗದು; ಹಾರಾಟಗಳು ವರ್ಷಗಟ್ಟಲೆ ಮುಂದೂಡಲ್ಪಡುವುದೂ ಉಂಟು. ಇದನ್ನು ಮಕ್ಕಳಿಂದ ಮರೆಮಾಚುವುದು ಬೇಡ. ಆದರೆ 15ರ ವಯಸ್ಸಿನಲ್ಲಿ ಒಂದು ಬಾಗಿಲನ್ನು ನಾವಾಗಿ ಮುಚ್ಚುವುದೂ ಬೇಡ. ನಾಲ್ಕೂ ವಿಷಯಗಳಿಗೆ ಅವಕಾಶವಿದೆಯೇ ಎಂದು ಶಾಲೆಯಲ್ಲಿ ವಿಚಾರಿಸಿರಿ. ಹೊರೆ ಹೆಚ್ಚೆಂದು ಕಂಡರೆ ಒಂದನ್ನು ಆಮೇಲೆ ಕೈಬಿಡಬಹುದು, ಬಿಟ್ಟದ್ದನ್ನು 12ನೇ ತರಗತಿಯಲ್ಲಿ ಮತ್ತೆ ಹಿಡಿಯುವುದು ಕಷ್ಟ.