ಮನವಿ ಪತ್ರದಲ್ಲಿ ಕಾಣದ ಊರು

ಉಡುಪಿ ನಗರಸಭೆಯಲ್ಲಿ 35 ವಾರ್ಡುಗಳಿವೆ. ಯಾವ ವಾರ್ಡಿನವರನ್ನು ಕೂರಿಸಿ ಕೇಳಿದರೂ ಸಿಗುವ ಪಟ್ಟಿ ಹೆಚ್ಚುಕಡಿಮೆ ಒಂದೇ: ರಸ್ತೆ ಹೊಂಡ, ಉರಿಯದ ದಾರಿದೀಪ, ಬೇಸಗೆಯಲ್ಲಿ ಬಾರದ ನೀರು, ಮಳೆಗಾಲದಲ್ಲಿ ಹರಿಯದ ಚರಂಡಿ. ಊರಿನ ಹೆಸರು ಬದಲಾಯಿಸಿದರೆ ಇದೇ ಮನವಿ ಪತ್ರವನ್ನು ಕಾಪುವಿನಲ್ಲೂ ಕಾರ್ಕಳದಲ್ಲೂ ಕೊಡಬಹುದು. ಅದರಲ್ಲಿ ಸುಳ್ಳೇನಿಲ್ಲ. ಆದರೆ ವರ್ಗವಾಗಿ ಬಂದ ಅಧಿಕಾರಿ ಇದನ್ನಷ್ಟೇ ಓದಿದರೆ ನಮ್ಮೂರಲ್ಲಿ ಇಲ್ಲಗಳ ಹೊರತು ಬೇರೇನೂ ಇಲ್ಲವೆಂದೇ ತಿಳಿದಾರು. ಇಲ್ಲಿ ಏನಿದೆ, ಯಾರ ಕೈಯಲ್ಲಿದೆ, ಯಾರಿಗೆ ಏನು ಗೊತ್ತು ಎಂದು ಅವರು ಕೇಳುವುದಿಲ್ಲ, ನಾವು ಬರೆದುಕೊಡುವುದೂ ಇಲ್ಲ.

ಇಲ್ಲದ್ದನ್ನೂ ಇರುವುದನ್ನೂ ಒಂದೇ ಹಾಳೆಯಲ್ಲಿ ನೋಡಿದವರು ಇದೇ ಊರಲ್ಲಿದ್ದರು. ಕೈಮಗ್ಗ ಕುಸಿದು ನೇಕಾರರು ಕಂಗೆಟ್ಟ ಹೊತ್ತಿನಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದ ಬ್ಯಾಂಕು ತೆರೆದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ನೇಕಾರನಿಗೆ ಬೇಕಾದ ದುಡ್ಡು ಅದೇ ಬೀದಿಗಳಲ್ಲಿ ಚಿಲ್ಲರೆಯಾಗಿ ಬಿದ್ದಿದೆ ಎಂಬುದು ಅವರಿಗೆ ಕಂಡಿತ್ತು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ವಸೂಲಿ. ಪಿಗ್ಮಿಗೆ ಬರುವವನಿಗೆ ಯಾವ ಅಂಗಡಿಯಲ್ಲಿ ವ್ಯಾಪಾರ ಬಿದ್ದಿದೆ, ಯಾರ ಮಗಳ ಮದುವೆ ನಿಶ್ಚಯವಾಗಿದೆ, ಯಾರು ಆಸ್ಪತ್ರೆ ಸೇರಿದ್ದಾರೆ ಎಲ್ಲವೂ ಗೊತ್ತಿರುತ್ತದೆ. ಸಾಲ ಕೊಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕೆ?

ಆ ನೇಕಾರರ ಕತೆ ಕಾರ್ಕಳದಲ್ಲಿ ಮುಂದುವರಿಯಿತು. ಉಡುಪಿ ಸೀರೆ ನೇಯುವವರು ಬೆರಳೆಣಿಕೆಗೆ ಇಳಿದಾಗ ಅಲ್ಲಿನ ಕದಿಕೆ ಟ್ರಸ್ಟ್‌ನವರು ನೇಕಾರರ ಸಂಘಗಳಲ್ಲಿ ಉಳಿದಿರುವವರು ಯಾರು, ಅವರಿಗೆ ಏನು ಬರುತ್ತದೆ ಎಂದು ಹುಡುಕಿದರು. ವಯಸ್ಸಾದ ಕೈಗಳಲ್ಲಿ ಕಸುಬು ಇನ್ನೂ ಇತ್ತು. ಬಣ್ಣಕ್ಕೆ ಅಡಿಕೆ ಚೊಗರು ಒದಗಿತು. ಇಲ್ಲಿನ ತೋಟಗಳಲ್ಲಿ ಅಡಿಕೆಗೇನು ಬರವೆ! ‘ನೇಕಾರಿಕೆ ನಶಿಸುತ್ತಿದೆ, ಸರಕಾರ ಗಮನಿಸಬೇಕು’ ಎಂಬ ಮನವಿಯಷ್ಟೇ ಹೋಗಿದ್ದರೆ ಅದು ಯಾವ ಕಡತದಲ್ಲಿ ಕೂರುತ್ತಿತ್ತೋ.

ಹೀಗೆ ಹೋಗಿ ನೋಡುವ ಇನ್ನೊಂದು ಸಂಸ್ಥೆ ಉಡುಪಿಯ ಯಕ್ಷಗಾನ ಕಲಾರಂಗ. ಹುಟ್ಟಿದ್ದು 1975ರಲ್ಲಿ. ಕಲಾವಿದರಿಗಾಗಿ ಹುಟ್ಟಿದ ಸಂಸ್ಥೆ ಆಮೇಲೆ ‘ವಿದ್ಯಾಪೋಷಕ್’ ಎಂದು ಬಡ ವಿದ್ಯಾರ್ಥಿಗಳಿಗೆ ನೆರವಾಗತೊಡಗಿತು. ಅರ್ಜಿ ಬಂದ ಮೇಲೆ ಕಾರ್ಯಕರ್ತರು ಮಕ್ಕಳ ಮನೆಗೇ ಹೋಗಿ ನೋಡಿ ಬರುತ್ತಾರೆ. ಅಂಕಪಟ್ಟಿಯಲ್ಲಿ ತೊಂಬತ್ತು ಪರ್ಸೆಂಟ್ ಇರುವ ಹುಡುಗಿಯ ಮನೆಗೆ ಸರಿಯಾದ ಮಾಡು ಇಲ್ಲವೆಂಬುದು ಅರ್ಜಿಯ ಯಾವ ಕಾಲಂನಲ್ಲೂ ಇರುವುದಿಲ್ಲ, ಅಂಗಳದಲ್ಲಿ ನಿಂತರೆ ಕಾಣುತ್ತದೆ. ಹಾಗೆ ಕಂಡದ್ದರಿಂದಲೇ ದಾನಿಗಳನ್ನು ಹಿಡಿದು ಮನೆ ಕಟ್ಟಿಸಿಕೊಡುವ ಕೆಲಸವೂ ಬೆಳೆಯಿತು. ಕೊಡುವವರು ಮುಂಬಯಿಯಲ್ಲಿದ್ದಾರೆ, ಕೊಲ್ಲಿಯಲ್ಲಿದ್ದಾರೆ. ಯಾರಿಗೆ ಕೊಡಬೇಕೆಂದು ಹೇಳಬಲ್ಲವರು ಇಲ್ಲಿದ್ದಾರೆ.

ನೀರಿನ ವಿಷಯದಲ್ಲಿ ಮಾತ್ರ ನಾವು ಹೀಗೆ ಕಣ್ಣು ಬಿಟ್ಟು ನೋಡಿಲ್ಲ. 2019ರ ಬೇಸಗೆಯಲ್ಲಿ ಸ್ವರ್ಣಾ ನದಿ ಬತ್ತಿ, ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟು ತಳ ಕಂಡಾಗ ಊರಿಡೀ ಟ್ಯಾಂಕರಿಗೆ ಕಾಯಿತು. ಮನೆಗೊಂದು ಬಾವಿ ಇರುವ ಊರು ಇದು! ಆದರೆ ಯಾವ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿರುತ್ತದೆ, ಯಾವುದಕ್ಕೆ ಪಂಪ್ ಇದೆ, ಯಾವ ಮನೆಯವರು ನೆರೆಮನೆಗೆ ಪೈಪು ಬಿಟ್ಟಾರು ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ನಗರದೊಳಗೆ ಹರಿಯುವ ಇಂದ್ರಾಣಿ ತೋಡಿನ ಬದಿಯಲ್ಲಂತೂ, ಕೊಡವೂರು ಕಡೆ, ಒಳಚರಂಡಿ ನೀರು ಇಳಿದು ಬಾವಿಗಳೇ ಕೆಟ್ಟಿವೆ. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ತೋಡು ಉಕ್ಕಿ ಕಲ್ಸಂಕ, ಬೈಲಕೆರೆ, ಗುಂಡಿಬೈಲು ಮುಳುಗಿದವು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಮಲ್ಪೆ ಬಂದರು ಇರುವ ಊರಲ್ಲಿ ದೋಣಿಗೆ ಕೊರತೆಯಿಲ್ಲ. ಆದರೆ ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯ ಯಾವ ಕೋಣೆಯಲ್ಲಿ ಮಲಗಿದ್ದಾರೆ ಎಂಬುದು ದೋಣಿಯವನಿಗೆ ಹೇಗೆ ಗೊತ್ತಾಗಬೇಕು? ಆಶಾ ಕಾರ್ಯಕರ್ತೆಗೆ ಗೊತ್ತು. ಸರಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಮೀನಿನ ಸರ್ವೆ ನಂಬರ್ ಸಿಗುತ್ತದೆ, ಅಜ್ಜಿ ಸಿಗುವುದಿಲ್ಲ.

ಊರಿನ ಬಲವನ್ನು ಮೊದಲು ಎಣಿಸಿ ಎಂಬ ವಾದ ಹೊಸದೇನಲ್ಲ. ಅಮೆರಿಕದ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ 1993ರಲ್ಲಿ ಇದನ್ನೇ ಪುಸ್ತಕವಾಗಿ ಬರೆದರು. ನನಗೆ ಇದರಲ್ಲಿ ಒಂದು ಅನುಮಾನವಿದೆ. ನಿಮ್ಮಲ್ಲೇ ಇಷ್ಟು ಶಕ್ತಿ ಇದೆಯಲ್ಲ, ನೀವೇ ಮಾಡಿಕೊಳ್ಳಿ ಎಂದು ಕೈತೊಳೆದುಕೊಳ್ಳಲು ಕಚೇರಿಗಳಿಗೆ ಇದು ಒಳ್ಳೆಯ ನೆಪ. ಒಳಚರಂಡಿ ಪೈಪು ಹಾಕುವುದು ಯುವಕ ಮಂಡಲದ ಕೆಲಸವಲ್ಲ. ಶ್ರಮದಾನಕ್ಕೆ ಬಂದವರ ಬೆನ್ನು ತಟ್ಟಿ ಫೋಟೋ ತೆಗೆಸಿಕೊಂಡರೆ ಕೊಡವೂರಿನ ಬಾವಿ ತಿಳಿಯಾಗುವುದಿಲ್ಲ. ಮತ್ತೊಂದು: ಮಕ್ಕಳೆಲ್ಲ ಪರವೂರಿನಲ್ಲಿದ್ದು ಒಂಟಿಯಾಗಿರುವ ಹಿರಿಯರ ವಿಳಾಸಗಳನ್ನು ನಕ್ಷೆಯಲ್ಲಿ ಗುರುತಿಸಿ ಮೊಬೈಲಿನಲ್ಲಿ ಹಂಚಿದರೆ ಅದು ಕಳ್ಳನ ಕೈಗೆ ಕೊಟ್ಟ ಪಟ್ಟಿ. ಬಾವಿ, ದೋಣಿ, ಸಭಾಭವನ ಎಲ್ಲರಿಗೂ ಕಾಣಲಿ, ಮನುಷ್ಯರ ವಿವರ ವಾರ್ಡಿನ ಇಬ್ಬರು ಮೂವರ ಬಳಿ ಮಾತ್ರ ಇರಲಿ.

ಎಲ್ಲ ಊರಿಗೂ ಒಂದೇ ಫಾರಂ ಹಿಡಿದು ಹೋಗುವುದೂ ಬೇಡ. ಮಣಿಪಾಲದಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಇಲ್ಲಿ ಓಟೂ ಇಲ್ಲ, ರೇಷನ್ ಕಾರ್ಡೂ ಇಲ್ಲ, ಆದ್ದರಿಂದ ವಾರ್ಡಿನ ಲೆಕ್ಕಕ್ಕೇ ಬರುವುದಿಲ್ಲ. ನಕ್ಷೆ ಬರೆಯಬಲ್ಲ ಎಂಜಿನಿಯರಿಂಗ್ ಹುಡುಗರೂ ಇವರಲ್ಲೇ ಇದ್ದಾರೆ. ಕಾಪು ತಾಲೂಕಿನ ಶಂಕರಪುರದಲ್ಲಿ ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅವತ್ತಿನ ಅಟ್ಟೆಯ ದರ ಶಂಕರಪುರದ ಕಟ್ಟೆಯಲ್ಲಿ ನಿಗದಿಯಾದದ್ದೇ ತಡ, ಗಿಡ ಇರುವ ಮನೆಮನೆಗೂ ಸುದ್ದಿ ಮುಟ್ಟುತ್ತದೆ. ಪುರಸಭೆಯ ಪ್ರಕಟಣೆಗೆ ಆ ಓಟ ಎಲ್ಲಿದೆ? ನೆರೆಯ ಸೂಚನೆಯೋ ಲಸಿಕೆಯ ದಿನವೋ ಆ ದಾರಿಯಲ್ಲೇ ಹೋಗಬಹುದಲ್ಲ.

ಇಂಥ ನಕ್ಷೆಗೆ ಶುರು ಎಲ್ಲಿಂದ ಎಂದರೆ, ಇಂದ್ರಾಣಿ ತೋಡು ಹಾದುಹೋಗುವ ನಾಲ್ಕೈದು ವಾರ್ಡುಗಳಿಂದ ಎನ್ನುತ್ತೇನೆ. ಅಲ್ಲಿನ ಆಶಾ ಕಾರ್ಯಕರ್ತೆ, ನಳ್ಳಿ ನೀರು ಬಿಡುವವ, ಲೈನ್‌ಮ್ಯಾನ್, ಬುಟ್ಟಿ ಹೊತ್ತು ಬರುವ ಮೀನಿನವರು ಮತ್ತು ಪಿಗ್ಮಿಯವನನ್ನು ಒಂದು ಮಧ್ಯಾಹ್ನ ಭಜನಾ ಮಂದಿರದಲ್ಲಿ ಕೂರಿಸಿ, ಚಹಾ ಕೊಟ್ಟು, ಹೇಳಿದ್ದನ್ನು ಬರೆದುಕೊಳ್ಳಬೇಕು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ಹೊತ್ತಿಗೆ ವರ್ಷವರ್ಷ ಆ ನಕ್ಷೆಯನ್ನು ತಿದ್ದಬೇಕು. ಹಾಗೆಯೇ ಆ ಹಲಗೆಗಳು ಯಾವ ಶೆಡ್ಡಿನಲ್ಲಿವೆ, ಎಷ್ಟು ಕುಂಬಾಗಿವೆ ಎಂದೂ ಅದರಲ್ಲಿ ಬರೆಯಬೇಕು. ಹಲಗೆ ಹಾಕುವುದು ತಡವಾದರೆ ಉಪ್ಪುನೀರು ಗದ್ದೆಗೆ ಹತ್ತುತ್ತದೆ, ಆಮೇಲೆ ಬಾವಿಗೆ.