ಕೈಬಿಟ್ಟ ದೋಣಿ ಯಾರದು?

ನಮ್ಮ ಮನೆಯ ಅಟ್ಟದ ಮೇಲೆ ಕಾಲು ಮುರಿದ ಕುರ್ಚಿಯೊಂದಿದೆ. ರಿಪೇರಿ ಮಾಡಿಸುವ ಖರ್ಚಿಗೆ ಹೊಸದೇ ಬಂದೀತು, ಮಾರೋಣವೆಂದರೆ ಕೊಳ್ಳುವವರಿಲ್ಲ, ಒಡೆದು ಒಲೆಗಿಡಲು ಮನಸ್ಸು ಬಾರದು. ಹೀಗಾಗಿ ಹತ್ತು ವರ್ಷಗಳಿಂದ ಅದು ಅಲ್ಲಿಯೇ ವಿರಾಜಮಾನವಾಗಿದೆ. ವಾಚಕರ ಮನೆಗಳಲ್ಲಿಯೂ ಇಂಥದೊಂದು ಇಲ್ಲದಿರಲಾರದು. ಕುರ್ಚಿಯಾದರೆ ಅಟ್ಟದ ಒಂದು ಮೂಲೆಯನ್ನಷ್ಟೇ ಆಕ್ರಮಿಸುತ್ತದೆ. ಅದೇ ಒಂದು ಹಡಗಾದರೆ?

2000ದ ಜೂನ್ 6ರಂದು, ಮುಂಗಾರಿನ ಆರ್ಭಟದಲ್ಲಿ, ‘ರಿವರ್ ಪ್ರಿನ್ಸೆಸ್’ ಎಂಬ ಅದಿರು ಸಾಗಿಸುವ ಹಡಗು ಗೋವೆಯ ಕ್ಯಾಂಡೋಲಿಂ ತೀರದ ಬಳಿ ಮರಳಿನಲ್ಲಿ ಹೂತುಕೊಂಡಿತು. ಹೆಸರಿಗೆ ನದಿಯ ರಾಜಕುಮಾರಿ. ಸೆರೆಯಾದದ್ದು ಕಡಲ ಮರಳಿಗೆ. ಇನ್ನೂರು ಮೀಟರಿಗೂ ಮೀರಿದ ಉದ್ದದ ಆ ಉಕ್ಕಿನ ಒಡಲು ಒಂದೊಂದು ಮಳೆಗಾಲಕ್ಕೂ ಇನ್ನಷ್ಟು ಆಳಕ್ಕೆ ಇಳಿಯಿತು. ತೆಗೆಯಬೇಕಾದವರು ಯಾರು, ಹಣ ತೆರಬೇಕಾದವರು ಯಾರು ಎಂಬ ಚರ್ಚೆ ಮಾತ್ರ ಮೇಲೆಯೇ ತೇಲುತ್ತಿತ್ತು. ಅದನ್ನು ವಶಪಡಿಸಿಕೊಳ್ಳುವುದಕ್ಕಾಗಿ ಗೋವೆಯ ಸರಕಾರ 2001ರಲ್ಲಿ ಹೊಸದೊಂದು ಕಾಯಿದೆಯನ್ನೇ ಮಾಡಬೇಕಾಯಿತು. ಕಡೆಗೆ ತುಂಡುತುಂಡಾಗಿ ಕತ್ತರಿಸಿ ತೆಗೆದು ಮುಗಿಸುವ ಹೊತ್ತಿಗೆ 2012 ಬಂದಿತ್ತು. ಹಡಗು ಬಂದು ಕುಳಿತ ವರ್ಷ ಒಂದನೆಯ ತರಗತಿಗೆ ಸೇರಿದ ಆ ಊರಿನ ಮಗು ಕಾಲೇಜಿನ ಮೆಟ್ಟಿಲೇರುವವರೆಗೂ ಅದೇ ತುಕ್ಕಿನ ಗೋಡೆಯನ್ನು ನೋಡುತ್ತ ಬೆಳೆಯಿತು.

ನೋಟ ಕೆಟ್ಟಿತೆಂಬುದಷ್ಟೇ ಇಲ್ಲಿಯ ದುಃಖವಲ್ಲ. ತೀರದ ಮರಳು ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಅಲೆಗಳೊಡನೆ ಅದು ಸದಾ ಸಂಚರಿಸುತ್ತಿರುತ್ತದೆ. ದಾರಿಯಲ್ಲಿ ಗೋಡೆಯೊಂದು ಅಡ್ಡ ನಿಂತರೆ ಅದರ ಮರೆಯಲ್ಲಿ ಮರಳು ಗುಡ್ಡೆಯಾಗುತ್ತದೆ. ಪಕ್ಕದ ತೀರ ಸವೆಯತೊಡಗುತ್ತದೆ. ಒಬ್ಬರು ಬಿಟ್ಟುಹೋದ ಹಡಗಿಗೆ ಮತ್ತೊಬ್ಬರ ಅಂಗಳ ಬೆಲೆ ತೆರುತ್ತದೆ.

ಹಡಗುಗಳ ಮಟ್ಟಿಗೆ ಲೋಕ ಈಗ ಸ್ವಲ್ಪ ಎಚ್ಚೆತ್ತಿದೆ. 2007ರಲ್ಲಿ ನೈರೋಬಿಯಲ್ಲಿ ರೂಪುಗೊಂಡು 2015ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದು, ಅಪಾಯಕಾರಿಯಾದ ಭಗ್ನ ನೌಕೆಯನ್ನು ತೆಗೆಯುವ ಹೊಣೆ ಒಡೆಯನದೇ ಎಂದು ಸಾರುತ್ತದೆ. ಅದರ ವೆಚ್ಚಕ್ಕೆ ಮೊದಲೇ ವಿಮೆಯಿರಬೇಕೆಂದೂ ವಿಧಿಸುತ್ತದೆ. ಭಾರತವೂ ಇದಕ್ಕೆ ಸೇರಿದೆ. ಆದರೆ ವಿಮೆಯ ಈ ಕಟ್ಟಳೆ 300 ಟನ್ನೇಜು ಹಾಗೂ ಅದಕ್ಕೆ ಮೇಲ್ಪಟ್ಟ ಹಡಗುಗಳಿಗೆ ಮಾತ್ರ. ಅಳಿವೆಯ ಕೆಸರಿನಲ್ಲಿ ಮಗುಚಿ ಬಿದ್ದಿರುವ ಬಡವನ ದೋಣಿಯನ್ನು ಕೇಳುವವರಾರು?

ಹಿಂದೆ ಈ ಪ್ರಶ್ನೆಯೇ ಅಷ್ಟಾಗಿ ಏಳುತ್ತಿರಲಿಲ್ಲ. ಮರದ ದೋಣಿ ಮುಪ್ಪಾದರೆ ಅದರ ಹಲಗೆ ಇನ್ನೊಂದು ದೋಣಿಗೋ, ಮನೆಯ ಬೇಲಿಗೋ, ಒಲೆಗೋ ಒದಗುತ್ತಿತ್ತು. ಉಳಿದದ್ದನ್ನು ಹುಳುಗಳು ತಿಂದು ಮಣ್ಣಿಗೆ ಒಪ್ಪಿಸುತ್ತಿದ್ದವು. ಈಗಿನ ಫೈಬರ್ ದೋಣಿಯಾದರೋ ಗಾಜಿನ ನಾರನ್ನೂ ರಾಳವನ್ನೂ ಬೆಸೆದು ಮಾಡಿದ್ದು. ಹಗುರ, ಬಾಳಿಕೆ, ಸೋರುವ ಭಯ ಕಡಿಮೆ, ಗುಣಗಳೇನೋ ಬಹಳ. ಆದರೆ ಅದನ್ನು ಕರಗಿಸಿ ಹೊಸದು ಮಾಡಲಾಗದು, ಹುಳು ತಿನ್ನದು, ಬಿಸಿಲು ಅಲೆಗಳಿಗೆ ಸಿಕ್ಕಿ ನುಚ್ಚುನೂರಾಗುತ್ತದೆಯೇ ಹೊರತು ಮಣ್ಣಾಗದು. ಅದರ ಎಂಜಿನ್ನಿನಲ್ಲಿ ಉಳಿದ ಎಣ್ಣೆ ನೀರಿಗಿಳಿಯುತ್ತದೆ. ಅದರಲ್ಲಿ ಬಿಟ್ಟ ಬಲೆ, ಹಿಡಿಯುವವನಿಲ್ಲದೆಯೂ ಮೀನನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಸುಕಿನ ಕತ್ತಲೆಯಲ್ಲಿ ಕಡಲಿಗೆ ಹೊರಟ ಮತ್ತೊಬ್ಬ ಮೀನುಗಾರನ ದೋಣಿಗೆ, ನೀರೊಳಗೆ ಕಾಣದಂತೆ ಹೊಂಚಿ ಕುಳಿತ ಈ ಅಸ್ಥಿಪಂಜರವೇ ಮೃತ್ಯುವಾಗಬಹುದು.

ಹಾಗಾದರೆ ಬಿಟ್ಟವನನ್ನು ಹಿಡಿದು ದಂಡಿಸಿದರೆ ತೀರಿತೇ? ಅಮೆರಿಕದ ವಾಷಿಂಗ್ಟನ್ ರಾಜ್ಯದವರು ಇದನ್ನು ಕೊಂಚ ಆಳವಾಗಿ ಯೋಚಿಸಿದ್ದಾರೆ. ಅಲ್ಲಿ ದೋಣಿಯನ್ನು ತೊರೆದುಹೋಗುವುದು ಅಪರಾಧವೇ. ಆದರೆ ದೋಣಿಗಳ ವಾರ್ಷಿಕ ನೋಂದಣಿಯೊಡನೆ ಒಂದಿಷ್ಟು ಶುಲ್ಕವನ್ನೂ ಎತ್ತಿ, 2002ರಿಂದ ಆ ಹಣದ ನೆರವಿನಿಂದ ದಿಕ್ಕಿಲ್ಲದ ದೋಣಿಗಳನ್ನು ತೆಗೆಸುತ್ತ ಬಂದಿದ್ದಾರೆ. 2014ರಲ್ಲಿ ಮತ್ತೂ ಒಂದು ಹೆಜ್ಜೆ ಮುಂದಿಟ್ಟರು: ವಿಲೇವಾರಿಯ ಖರ್ಚು ಭರಿಸಲಾರದ ಒಡೆಯ, ದೋಣಿ ಮುಳುಗುವ ಮೊದಲೇ ತಂದು ಒಪ್ಪಿಸಬಹುದು. ತೇಲುವ ದೋಣಿಯನ್ನು ಎಳೆದು ತರುವುದು ಸುಲಭ; ಮುಳುಗಿದ್ದನ್ನು ಎತ್ತಲು ಮುಳುಗುಗಾರರು ಬೇಕು, ಕ್ರೇನು ಬೇಕು, ಅನೇಕ ಪಟ್ಟು ಹಣ ಬೇಕು. ಬಡವನ ನಾಚಿಕೆಯನ್ನು ಉಳಿಸುವುದರಲ್ಲಿ ಬೊಕ್ಕಸದ ಉಳಿತಾಯವೂ ಅಡಗಿದೆ!

ದೋಣಿಯನ್ನು ಕೈಬಿಡುವವನು ಕೇಡಿಗನೇ ಆಗಿರಬೇಕಿಲ್ಲ. ಸಾಲ ತೀರದವನು, ಕಾಯಿಲೆ ಬಿದ್ದವನು, ಮಕ್ಕಳು ಪರವೂರು ಸೇರಿದವನು. ಅವನು ಒಂದು ಸಂಜೆ ಹಗ್ಗ ಬಿಗಿದು ಮನೆಗೆ ಹೋಗುತ್ತಾನೆ, ನಾಳೆ ನೋಡೋಣವೆನ್ನುತ್ತಾನೆ. ಆ ನಾಳೆ ಬರುವುದೇ ಇಲ್ಲ. ನನ್ನ ಕುರ್ಚಿಯ ಚರಿತ್ರೆಯೂ ಇದೇ ಅಲ್ಲವೇ?

ಹೊಸ ದೋಣಿ ನೀರಿಗಿಳಿಯುವ ದಿನ ಅರಿಶಿನ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು, ಊರೆಲ್ಲ ಸೇರಿ ಹರಸುತ್ತದೆ. ವರ್ಷಾನುಗಟ್ಟಲೆ ಒಂದು ಸಂಸಾರಕ್ಕೆ ಅನ್ನವಿಕ್ಕಿದ ಅದಕ್ಕೆ ಕೊನೆಯ ದಿನವೂ ನಾಲ್ಕು ಜನ ಬೇಕು; ಒಯ್ದು ಇಳಿಸಲು ಒಂದು ಜಾಗ ಬೇಕು. ಅದನ್ನು ಒದಗಿಸುವುದು ಊರಿನ ಕೆಲಸ. ವೇಳೆಗೆ ಸರಿಯಾಗಿ ಅಲ್ಲಿಗೆ ತಲುಪಿಸುವುದು ಒಡೆಯನ ಕೆಲಸ.

ಇಷ್ಟು ಬರೆದ ಮೇಲೆ ಅಟ್ಟದತ್ತ ನೋಡುವ ಧೈರ್ಯ ನನಗಿಲ್ಲ. ಬರುವ ಭಾನುವಾರ ಬಡಗಿಗೆ ಹೇಳಿಕಳುಹಿಸಬೇಕು.